ಕಾಲಡಿಯ ಪರಸಿ

ನೆಲಮಾಳಿಗೆಯನ್ನು ಓದುವ ಕೋಣೆಯಾಗಿಸಿಕೊಂಡ ಮಿತ್ರರೊಬ್ಬರು, ನೆಲಕ್ಕೆ ಏನು ಹಾಸಿಸಲಿ ಎಂದು ಕೇಳಿದರು. ಅವರ ಮುದಿ ನಾಯಿಯೂ ಅಲ್ಲಿಯೇ ಮಲಗುತ್ತದೆ. ನುಣುಪಾದ ಟೈಲ್ಸಿನ ಮೇಲೆ ಹಿಂಗಾಲು ಜಾರಿ, ಏಳಲಾರದೆ ಒದ್ದಾಡುತ್ತದೆಂಬುದು ಅವರ ಸಂಕಟ. ಮರದ ಹಲಗೆಯೋ, ಕೆಳಗಿನ ತೇವಕ್ಕೆ ಉಬ್ಬೀತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸೀಮೆಯಲ್ಲಿದ್ದುಕೊಂಡು ಈ ಪ್ರಶ್ನೆಯೆ! ಈ ಭಾಗದ ನೆಲದಡಿ ಸುಣ್ಣಕಲ್ಲು ಪದರಪದರವಾಗಿ ಮಲಗಿದೆ. ಉಳಿ ಸುತ್ತಿಗೆಗೆ ಹಲಗೆಯಂತೆ ಬಿಡಿಸಿಕೊಳ್ಳುತ್ತದೆ. ಶಹಾಬಾದಿ ಪರಸಿಯೆಂದು ಪುಣೆ, ಹೈದರಾಬಾದುಗಳ ಹಳೆಯ ಮನೆಗಳಿಗೂ ಅದೇ ನೆಲವಾಯಿತು. (ಅದೇ ಜಾತಿಯ ಕಲ್ಲನ್ನು ಅರೆದು ಸುಟ್ಟರೆ ವಾಡಿಯ ಸಿಮೆಂಟು.)

ಪಾಲಿಷ್ ಮಾಡದ ಪರಸಿಯನ್ನೇ ಹಾಕಿಸಿರೆಂದೆ. ಪಂಜಕ್ಕೆ ಹಿಡಿತ ಸಿಕ್ಕುತ್ತದೆ, ಬೇಸಗೆಗೆ ತಂಪು. ಚಳಿಗೆ ಒಂದು ಗೋಣಿತಟ್ಟು ಸಾಕು. ಆದರೆ ಸುಣ್ಣಕಲ್ಲಿಗೆ ಹುಳಿಯೇ ವೈರಿ. ನಿಂಬೆರಸವಾಗಲಿ, ಬಚ್ಚಲು ತೊಳೆಯುವ ಆಸಿಡ್ ಆಗಲಿ ಬಿದ್ದಲ್ಲಿ ಅದರ ಮೈ ಕರಗಿ ಮಂಕಾಗುತ್ತದೆ. ನಾಯಿಯ ಉಚ್ಚೆಯನ್ನು ಒಡನೆಯೇ ಬರಿಯ ನೀರಿನಿಂದ ತೊಳೆಯಬೇಕು. ಸಂದಿನೊಳಕ್ಕೆ ಇಳಿದರೆ ವಾಸನೆ ಸುಲಭವಾಗಿ ಹೋಗದು. ಆದಕಾರಣ ಗಾರೆಯವನ ಅವಸರಕ್ಕೆ ಮಣಿಯದೆ, ಸಂದುಗಳನ್ನು ಸಿಮೆಂಟಿನಿಂದ ಬಿಗಿಯಾಗಿ ತುಂಬಿಸಿ. ಗೋಡೆ ಜಿನುಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಆ ಒಸರನ್ನು ಯಾವ ಪರಸಿಯೂ ತಡೆಯಲಾರದು.