ಅಂಗಡಿಹಳ್ಳಿಯ ಪಾಸ್‌ಪೋರ್ಟು, ಸುಡಾನಿನ ಯುದ್ಧ

ಬೇಲೂರು ತಾಲ್ಲೂಕಿಗೂ ವಿದೇಶಾಂಗ ನೀತಿಗೂ ಏನು ಸಂಬಂಧ ಅನ್ನುವವರು ಒಮ್ಮೆ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಕಾಲೊನಿಗೆ ಹೋಗಿ ಬರಬೇಕು. ಆಫ್ರಿಕಾದ ಊರುಗಳ ಹೆಸರನ್ನು ಹಳೇಬೀಡಿನ ಸಂತೆಯಷ್ಟು ಸಲೀಸಾಗಿ ಹೇಳುವವರು ಅಲ್ಲಿ ಸಿಗುತ್ತಾರೆ. ಹಿಂದೆ ಇವರ ಕಸುಬು ಬೇಟೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತಿತು. ಪಿನ್ನು, ಪ್ಲಾಸ್ಟಿಕ್ ಹೂವು ಮಾರಿದರು. ಆಮೇಲೆ ಗಿಡಮೂಲಿಕೆ ಎಣ್ಣೆ ಕೈಹಿಡಿಯಿತು. ಆ ಎಣ್ಣೆ ಹೊತ್ತು ಸಮುದ್ರ ದಾಟಿದರು.

ನಾನು ಅರಸೀಕೆರೆಯವನು. ಬೇಲೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಪಾಸ್‌ಪೋರ್ಟ್ ಅರ್ಜಿಯಿಂದಲೇ ಈ ಜನರ ಪರಿಚಯ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಹುಟ್ಟಿದ ತಾರೀಖು ಎಲ್ಲೂ ಇಲ್ಲ. ಅದನ್ನೆಲ್ಲ ಸರಿಮಾಡಿ ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ದಿನ ಗೊತ್ತುಮಾಡಿಕೊಡುವುದು ನನ್ನ ಕೆಲಸ. ವೀಸಾ ಬಂದಿದೆ ಅಂದರೆ ಅವರು ಹೊರಟರು ಅಂತಲೇ. ಎಲ್ಲಿಗೆ, ಎಷ್ಟು ಜನ, ಯಾರ ಜೊತೆ ಅನ್ನುವುದನ್ನು ಯಾವ ಕಚೇರಿಯವರಾದರೂ ಕೇಳಿದ್ದಾರಾ ಅಂತ ನಾನು ವಿಚಾರಿಸಿದರೆ ನಗುತ್ತಾರೆ.

ಸುಡಾನ್ ನೆನಪಾಗುವುದು ಇಲ್ಲಿಯೇ. 2023ರ ಏಪ್ರಿಲ್ 15ರಂದು ಖಾರ್ಟೂಮಿನಲ್ಲಿ ಸೇನೆಯ ಜನರಲ್ ಬುರ್ಹಾನ್ ಮತ್ತು ಅರೆಸೇನಾ ಪಡೆಯ ಹೆಮೆಟ್ಟಿ ನಡುವೆ ಕಾಳಗ ಶುರುವಾಯಿತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದದ್ದು ಡಾರ್ಫರ್‌ನ ಅಲ್ ಫಶೀರ್‌ನಲ್ಲಿ. ಅದು ಖಾರ್ಟೂಮಿನಿಂದ ಸುಮಾರು 800 ಕಿ.ಮೀ. ಪಶ್ಚಿಮಕ್ಕಿದೆ. ನಮ್ಮ ನೌಕಾಪಡೆಯ ಹಡಗು ಬಂದು ನಿಂತದ್ದು ಕೆಂಪು ಸಮುದ್ರದ ಪೋರ್ಟ್ ಸುಡಾನ್‌ನಲ್ಲಿ, ಖಾರ್ಟೂಮಿನಿಂದ ಈಚೆಗೆ ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ. ಅಂದರೆ ಹೊತ್ತಿ ಉರಿಯುವ ದೇಶವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟಬೇಕು. ದಾರಿಯಲ್ಲಿ ಒಂದು ತಪಾಸಣಾ ಠಾಣೆ ಸೇನೆಯದಾದರೆ ಇನ್ನೊಂದು ಹೆಮೆಟ್ಟಿಯವರದು.

ಆ ದಿನಗಳಲ್ಲಿ ದೆಹಲಿ ಯಾರ ಪಕ್ಷವನ್ನೂ ವಹಿಸಲಿಲ್ಲ. ಎರಡೂ ಬಣಗಳ ಜೊತೆ ಮಾತು ಇಟ್ಟುಕೊಂಡಿತು. ಸೌದಿ, ಯುಎಇ ಮಂತ್ರಿಗಳಿಗೆ ಫೋನ್ ಮಾಡಿತು. ಅಮೆರಿಕ ಏರ್ಪಡಿಸಿದ 72 ಗಂಟೆಗಳ ಕದನವಿರಾಮದ ಸಂದಿಯಲ್ಲೇ ಏಪ್ರಿಲ್ 25ರಂದು ಐಎನ್‌ಎಸ್ ಸುಮೇಧಾ 278 ಜನರನ್ನು ಹತ್ತಿಸಿಕೊಂಡು ಜೆಡ್ಡಾಕ್ಕೆ ಹೊರಟಿತು. ಕಾರ್ಯಾಚರಣೆಗೆ ಕಾವೇರಿಯ ಹೆಸರು. ಮೇ 5ಕ್ಕೆ ಅದು ಮುಗಿದಾಗ 3,862 ಮಂದಿ ಹೊರಬಂದಿದ್ದರು. ಜೆಡ್ಡಾದಲ್ಲಿ ಇಳಿಯಲು ಸೌದಿ ಜಾಗ ಕೊಡದಿದ್ದರೆ ಹಡಗಿದ್ದೂ ಏನು ಮಾಡುವುದು? 1990ರಲ್ಲಿ ಕುವೈತಿನಿಂದ ಒಂದೂ ಮುಕ್ಕಾಲು ಲಕ್ಷದಷ್ಟು ಜನರನ್ನು ಅಮ್ಮಾನ್ ಮೂಲಕ ಕರೆತಂದಾಗಲೂ ಜೋರ್ಡಾನ್ ಬಾಗಿಲು ತೆರೆದಿತ್ತು. 2015ರಲ್ಲಿ ಯೆಮನ್‌ನಿಂದ ಜನರನ್ನು ತರುವಾಗಲೂ ಬಾಂಬು ಹಾಕುತ್ತಿದ್ದ ಸೌದಿಯ ಒಪ್ಪಿಗೆಯೇ ಬೇಕಾಯಿತು.

ಎರಡು ಕಡೆಗೂ ಒಳ್ಳೆಯವರಾಗಿರುವ ಈ ನೀತಿಯನ್ನು ಹೇಡಿತನ ಅಂತ ಟೀವಿಯಲ್ಲಿ ಕೂಗಾಡುವವರಿಗೆ ಹಳೇಬೀಡಿನ ಕಥೆ ಹೇಳಬೇಕು. ಪಾಂಡ್ಯರ ಮನೆಯಲ್ಲಿ ಸುಂದರ ಪಾಂಡ್ಯ, ವೀರ ಪಾಂಡ್ಯ ಅಣ್ಣತಮ್ಮಂದಿರು ಕಿತ್ತಾಡುತ್ತಿದ್ದರು. ಅದರಲ್ಲಿ ಲಾಭ ಹುಡುಕಿ ಹೊಯ್ಸಳ ದೊರೆ ಮುಮ್ಮಡಿ ಬಲ್ಲಾಳ ದಂಡಿನೊಂದಿಗೆ ತಮಿಳು ಸೀಮೆಗೆ ಹೋಗಿದ್ದ ಎನ್ನುತ್ತಾರೆ ಇತಿಹಾಸಕಾರರು. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ದ್ವಾರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಬಾಗಿಲಿಗೆ ಬಂದ. ಓಡೋಡಿ ಬಂದ ದೊರೆ ಶರಣಾಗಿ ಕಪ್ಪ ಒಪ್ಪಿಸಬೇಕಾಯಿತು. ಪರರ ಮನೆ ಜಗಳದಲ್ಲಿ ಕೈಹಾಕಿ ಏನಾಯಿತು ಅನ್ನುವುದಕ್ಕೆ ನಮ್ಮ ಸೀಮೆಗೆ ದೂರದ ಪುಸ್ತಕ ಬೇಡ.

ಆದರೆ ಹೊರಗೆ ಕಾಯ್ದುಕೊಂಡ ಆ ಸಂಯಮ ಮನೆಯೊಳಗೆ ಕಾಣಲಿಲ್ಲ. ಆಗ ವಿಧಾನಸಭಾ ಚುನಾವಣೆಯ ಬಿಸಿ, ಮೇ 10ಕ್ಕೆ ಮತದಾನ. ಏಪ್ರಿಲ್ 18ರಂದು ಸಿದ್ದರಾಮಯ್ಯನವರು 31 ಹಕ್ಕಿಪಿಕ್ಕಿಗಳ ಬಗ್ಗೆ ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಜೈಶಂಕರ್ ಅವರು ರಾಜಕೀಯ ಮಾಡಬೇಡಿ ಅಂತ ಗದರಿದರು. ವಿರೋಧ ಪಕ್ಷದ ನಾಯಕ ತನ್ನ ರಾಜ್ಯದವರ ಬಗ್ಗೆ ಕೇಳಿದರೆ ಅದರಲ್ಲಿ ಸಿಡುಕುವುದೇನಿದೆ? ಗದರಿಸಿ ಮೂರು ವಾರ ಕಳೆಯುವುದರೊಳಗೆ, ಮೇ 7ರಂದು, ಪಾರಾಗಿ ಬಂದ ಹಕ್ಕಿಪಿಕ್ಕಿಗಳನ್ನು ಪ್ರಧಾನಿ ಶಿವಮೊಗ್ಗದಲ್ಲಿ ಭೇಟಿಯಾದರು. ಅದು ಪ್ರಚಾರ ಪ್ರವಾಸದ ನಡುವೆ. ರಾಜಕೀಯ ಯಾವುದು ಅಂತ ಓದುಗರೇ ತೀರ್ಮಾನಿಸಲಿ. ಸಿದ್ದರಾಮಯ್ಯನವರ ಪಕ್ಷವೂ ಆ ತಿಂಗಳಲ್ಲೇ ಅಧಿಕಾರಕ್ಕೆ ಬಂತು. ಆಮೇಲೆ ನನ್ನ ಅಂಗಡಿಯ ಮುಂದಿನ ಸಾಲಿನಲ್ಲಿ ನಿಂತವರಿಗೆ ಯಾವ ವ್ಯತ್ಯಾಸವೂ ಕಂಡಿಲ್ಲ.

ನನ್ನ ತಕರಾರು ಇಷ್ಟೇ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕು ಅನ್ನುವ ಷರತ್ತು ಬೀಳುತ್ತದೆ. ಆ ಪಟ್ಟಿಯ ದೇಶಗಳಲ್ಲಿ ಸುಡಾನೂ ಒಂದು. ಆದರೆ ಆ ತಪಾಸಣೆ ಕೂಲಿ, ನೌಕರಿಗೆ ಹೋಗುವವರಿಗೆ. ಸ್ವಂತ ಎಣ್ಣೆ ಮಾರಿಕೊಂಡು ಕೆಲವು ತಿಂಗಳು ಇದ್ದು ಬರುವವರು ನೌಕರರೂ ಅಲ್ಲ, ಅನಿವಾಸಿ ಭಾರತೀಯರೂ ಅಲ್ಲ. ಅವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಗುಂಡು ಹಾರಿದ ಮೇಲೆ ರಾಯಭಾರ ಕಚೇರಿ ಮೊದಲು ಕೇಳುವುದೇ ಎಷ್ಟು ಜನ, ಎಲ್ಲಿದ್ದಾರೆ ಅಂತ. ಆಗ ಕಾಲೊನಿಯ ಹೆಂಗಸರು ವಾಟ್ಸ್ಯಾಪ್‌ನ ಧ್ವನಿ ಸಂದೇಶ ಕೇಳಿಸಿ, "ಅಣ್ಣಾ, ಹೆಸರು ಬರ್ಕೊಳ್ಳಿ" ಅನ್ನಬೇಕಾಗುತ್ತದೆ.

ಕೇರಳ 1996ರಲ್ಲೇ ಅನಿವಾಸಿ ಮಲಯಾಳಿಗಳಿಗಾಗಿ ನೋರ್ಕಾ ಎಂಬ ಇಲಾಖೆ ತೆರೆಯಿತು. ಅಷ್ಟು ದೊಡ್ಡದು ಬೇಡ. ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡದವರು. ಆ ಪಂಗಡಗಳ ಕಲ್ಯಾಣ ನೋಡಿಕೊಳ್ಳುವ ಇಲಾಖೆ ಹುಣಸೂರು, ಚನ್ನಗಿರಿ, ಬೇಲೂರಿನಂಥ ತಾಲ್ಲೂಕುಗಳಲ್ಲಿ ಒಂದೊಂದು ದಾಖಲೆ ಪುಸ್ತಕ ಇಡಲಿ: ಹೊರಟವರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹೋಗುವ ಊರು, ಇಲ್ಲಿನ ನೆಂಟರ ಫೋನು. ಬರೆಸುವುದು ಅವರ ಇಷ್ಟಕ್ಕೆ ಬಿಟ್ಟದ್ದಾಗಲಿ. ಪೊಲೀಸರ ಕೈಗೆ ಮಾತ್ರ ಆ ಪುಸ್ತಕ ಹೋಗಬಾರದು. ಹೋದರೆ ಒಬ್ಬರೂ ಬರೆಸುವುದಿಲ್ಲ. ಹುಲಿ ಉಗುರಿನ ಕೇಸು ಅಂತ ಅಲೆದ ಹಳಬರು ಇನ್ನೂ ಇದ್ದಾರೆ.

ಅಲ್ ಫಶೀರ್ ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರ್‌ನಲ್ಲಿ ಹೆಮೆಟ್ಟಿಯ ಪಡೆಗೆ ಸಿಕ್ಕಿತು. ಅಲ್ಲಿನ ಹತ್ಯೆಗಳ ಸುದ್ದಿ ಜಗತ್ತೆಲ್ಲ ಹರಡಿತು. ನಮ್ಮವರನ್ನು ಕರೆತರುವಾಗ ಮೌನ ಬೇಕಿತ್ತು, ನಾನದನ್ನು ಮೆಚ್ಚುತ್ತೇನೆ. ಬಂದಾದ ಮೇಲೂ ಅದೇ ಮೆಲುದನಿ ಯಾಕೆ? ಆ ಊರಿನ ಜನರಿಗೆ ಎಣ್ಣೆ ಮಾರಿ ಬದುಕಿದವರು ನಮ್ಮ ಕನ್ನಡನಾಡಿನವರು. ಗಿರಾಕಿಗಳ ಪರವಾಗಿ ಗಟ್ಟಿಯಾಗಿ ಒಂದು ಮಾತಾಡಲು ದೆಹಲಿಗೆ ಈಗ ಯಾವ ಹಡಗೂ ಅಡ್ಡ ನಿಂತಿಲ್ಲ.