ಡೇರೆಯೊಳಗೆ ಕೆಂಡ ಬೇಡ

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಹೊತ್ತು ಮುಳುಗುವ ಮೊದಲು ಮನೆ ಸೇರುವುದು ರೋಣ, ಅಬ್ಬಿಗೇರಿ, ನರೇಗಲ್ಲ ಕಡೆಯ ವಾಡಿಕೆ. ಈಗ ಅದಕ್ಕೊಂದು ಹೊಸ ಸೇರ್ಪಡೆಯಾಗಿದೆ. ದೂರದ ಊರುಗಳಲ್ಲಿ ನೌಕರಿಯಲ್ಲಿರುವ ಮಕ್ಕಳು ರಜೆಗೆ ಬರುವಾಗ ಮಡಚುವ ಡೇರೆ, ಮಲಗುವ ಚೀಲ, ಸಣ್ಣ ಗ್ಯಾಸ್ ಒಲೆ ತರುತ್ತಾರೆ. 'ಈ ಸಲ ರಾತ್ರಿ ಹೊಲದಾಗ ಇರೋಣು' ಎಂದು ಅಜ್ಜ, ಅಜ್ಜಿ, ಮೊಮ್ಮಕ್ಕಳೆಲ್ಲ ಅಲ್ಲಿಯೇ ಉಳಿಯುತ್ತಾರೆ.

ಇದನ್ನು ಶೋಕಿ ಎಂದು ಮೂಗು ಮುರಿಯುವವರಲ್ಲಿ ನಾನಿಲ್ಲ. ತಳವಿರುವ, ಜಿಪ್ ಹಾಕುವ ಡೇರೆ ನಮ್ಮ ಎರೆಹೊಲಕ್ಕೆ ಒಳ್ಳೆಯದೇ. ಎರೆಯ ಬಿರುಕುಗಳಲ್ಲಿ ಇಲಿ, ಇಲಿಯ ಬೆನ್ನಿಗೆ ಹಾವು. ಅದರಲ್ಲೂ ಕಟ್ಟುಹಾವು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರ ಹಾಸಿಗೆಗೇ ಬರುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಜಿಪ್ಪನ್ನು ಪೂರ್ತಿ ಎಳೆದರೆ ಆ ಭಯ ಬಹುಮಟ್ಟಿಗೆ ತಪ್ಪುತ್ತದೆ.

ನನ್ನ ತಕರಾರು ಡೇರೆಯ ಬಗ್ಗೆ ಅಲ್ಲ, ಅದರೊಳಗೆ ಹೋಗುವ ಕೆಂಡದ ಬಗ್ಗೆ. ಸೀತನಿ ಸುಟ್ಟ ಮೇಲೆ ಉಳಿದ ಕೆಂಡವನ್ನು ಬುಟ್ಟಿಯಲ್ಲೋ ಶೆಗಡಿಯಲ್ಲೋ ತುಂಬಿ, 'ಅಜ್ಜಿಗೆ ಥಂಡಿ ಆದೀತು' ಎಂದು ಒಳಗಿಟ್ಟು ಜಿಪ್ ಎಳೆಯುತ್ತಾರೆ. ಹಳೆಯ ಕಾವಲು ಗುಡಿಸಲಿನ ಸಂದುಗೊಂದುಗಳಲ್ಲಿ ಗಾಳಿ ಆಡುತ್ತಿತ್ತು. ಮಳೆ ತಡೆಯುವ ಬಟ್ಟೆಯ ಡೇರೆ ಗಾಳಿಯನ್ನೂ ತಡೆಯುತ್ತದೆ. ಹೊಗೆ ಇಲ್ಲವಲ್ಲ ಎಂಬ ಸಮಾಧಾನವೇ ಇಲ್ಲಿ ಅಪಾಯಕರ. ಉರಿಯುವ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮಿದುಳಿಗೂ ಹೃದಯಕ್ಕೂ ಆಮ್ಲಜನಕ ಸಾಲದಾಗುತ್ತದೆ. ಮಲಗಿದವರು ಏಳುವುದೇ ಇಲ್ಲ. ಗ್ಯಾಸ್ ಹೀಟರೂ ಇದಕ್ಕೆ ಹೊರತಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಚಳಿಗೆ ಹೀಟರ್ ಹಚ್ಚಿ ಕೋಣೆ ಮುಚ್ಚಿ ಮಲಗಿದ್ದ ಕೇರಳದ 8 ಪ್ರವಾಸಿಗರು ತೀರಿಕೊಂಡರು. ಅವರಲ್ಲಿ 4 ಮಕ್ಕಳು. ಅದು ಕೋಣೆ. ಡೇರೆಯ ಅಳತೆ ಅದಕ್ಕಿಂತ ಎಷ್ಟು ಕಿರಿದು ಎಂಬುದನ್ನು ಓದುಗರೇ ಊಹಿಸಬಹುದು.

ಇನ್ನೊಂದು ತೊಡಕು ನಮ್ಮ ಹಬ್ಬದ್ದೇ. ಈ ವಿಷಬಾಧೆಯ ಮೊದಲ ಲಕ್ಷಣಗಳು ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವಿಕೆ, ವಾಂತಿ. ಮಧ್ಯಾಹ್ನ ಹೊಟ್ಟೆ ಬಿರಿಯ ಉಂಡವರಿಗೆ ರಾತ್ರಿ ಹೀಗಾದರೆ ತಪ್ಪು ಹೋಳಿಗೆಯ ತಲೆಗೆ ಬರುತ್ತದೆ! ವಾಂತಿಯ ಗುಳಿಗೆ ಕೊಟ್ಟು ಮತ್ತೆ ಅದೇ ಡೇರೆಯಲ್ಲಿ ಮಲಗಿಸುತ್ತಾರೆ. ಒಂದು ಗುರುತು ನೆನಪಿಡಿ: ಒಳಗೆ ಮಲಗಿದವರಿಗೆಲ್ಲ ಒಟ್ಟಿಗೇ ತಲೆ ಸಿಡಿಯುತ್ತಿದ್ದು, ಅದೇ ಊಟ ಉಂಡು ಹೊರಗೆ ಮಲಗಿದವರು ಆರಾಮಾಗಿದ್ದರೆ, ಕಾರಣ ಊಟವಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರನ್ನೂ ಇಲ್ಲಿ ನಂಬಬೇಡಿ. ಹಿಮೋಗ್ಲೋಬಿನ್ ಹಿಡಿದದ್ದು ಆಮ್ಲಜನಕವೋ ವಿಷವೋ ಎಂದು ಅದಕ್ಕೆ ತಿಳಿಯದು. ಸಾಯುವ ಸ್ಥಿತಿಯಲ್ಲೂ 98 ಎಂದು ತೋರಿಸೀತು.

ಅನುಮಾನ ಬಂದ ಕೂಡಲೇ ಎಲ್ಲರನ್ನೂ ಬಯಲಿಗೆ ತನ್ನಿ. ಜಿಪ್ ಸಿಕ್ಕಿಕೊಂಡರೆ ಡೇರೆಯನ್ನೇ ಹರಿಯಿರಿ, ದುಡ್ಡಿನ ಮುಖ ನೋಡಬೇಡಿ. ಈರುಳ್ಳಿ ಮೂಸಿಸುವುದು, ಎಚ್ಚರ ತಪ್ಪಿದವರ ಬಾಯಿಗೆ ನೀರು ಹನಿಸುವುದು ಬೇಡ. 108ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ 'ಒಳಗೆ ಕೆಂಡವಿತ್ತು' ಎಂದು ಮೊದಲು ಹೇಳಿ. ಬರಿಯ ಗಾಳಿಯಲ್ಲಿ ಈ ಅನಿಲ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 4-5 ತಾಸು ಬೇಕು. ಮಾಸ್ಕಿನ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದು-ಒಂದೂವರೆ ತಾಸು ಸಾಕು. ಗರ್ಭಿಣಿಯಿದ್ದರೆ ಆಕೆ ಚೇತರಿಸಿಕೊಂಡಂತೆ ಕಂಡರೂ ಕರೆದೊಯ್ಯಲೇಬೇಕು, ಹೊಟ್ಟೆಯಲ್ಲಿನ ಕೂಸಿಗೆ ಅಪಾಯ ತಾಯಿಗಿಂತ ಹೆಚ್ಚು.

ಹಾಗಾದರೆ ಚಳಿಗೇನು? ನಮ್ಮದು ಹಿಮ ಬೀಳುವ ಸೀಮೆಯಲ್ಲ. ಮೈಯ ಶಾಖವನ್ನು ಕೆಳಗಿನ ನೆಲವೂ ಎಳೆದುಕೊಳ್ಳುತ್ತದೆ. ಆದ್ದರಿಂದ ಡೇರೆಯ ಕೆಳಗೆ ಒಣ ಕಣಕಿ ಹರವಿ, ಒಳಗೆ ಕಂಬಳಿ ಹಾಸಿ. ಅರಿವೆ ತೊಯ್ದರೆ ತಣ್ಣಗಾಗುತ್ತದೆ, ಉಣ್ಣೆ ತುಸು ತೊಯ್ದರೂ ಬೆಚ್ಚಗಿಡುತ್ತದೆ. ಮಲಗುವ ಚೀಲದ ಮುಂದೆ ನಮ್ಮ ಕಂಬಳಿಯೇನೂ ಕಡಿಮೆಯಲ್ಲ. ಚೀಲ ಕೊಳ್ಳುವುದಾದರೆ ಅದರ ಮೇಲಿನ ಉಷ್ಣತೆಯ ಅಂಕಿಗಳಲ್ಲಿ 'ಕಂಫರ್ಟ್' ಎಂದಿರುವುದನ್ನು ನೋಡಿ. 'ಎಕ್ಸ್‌ಟ್ರೀಮ್' ಎಂಬುದು ಜೀವ ಉಳಿಯುವ ಅಂಕಿ, ನಿದ್ದೆಯದಲ್ಲ. ಬೆಳಗ್ಗೆ ಡೇರೆಯ ಒಳಮೈ ಒದ್ದೆಯಾಗಿದ್ದರೆ ಅದು ಇಬ್ಬನಿಯಷ್ಟೇ ಅಲ್ಲ, ನಿಮ್ಮ ಉಸಿರಿನ ನೀರೂ ಹೌದು. ಗಾಳಿಕಂಡಿಗಳನ್ನು ಮುಚ್ಚಬೇಡಿ ಎಂಬುದರ ಸೂಚನೆ ಅದು.

ಹಬ್ಬಕ್ಕೆ ಮೊದಲು ಒಂದು ರಾತ್ರಿ ಮಾಳಿಗೆಯ ಮೇಲೆ ಇದೆಲ್ಲವನ್ನೂ ಪರೀಕ್ಷಿಸುವುದು ಲೇಸು. ಉಬ್ಬಸದ ಮಗುವಿಗೆ ಹೊಸ ಬಟ್ಟೆಯ ವಾಸನೆ ಒಗ್ಗದಿದ್ದರೆ, ರಾತ್ರಿ ಎರಡು ಸಲ ಏಳುವ ಅಜ್ಜನಿಗೆ ಬಗ್ಗಿ ಹೊರಬರಲು ಆಗದಿದ್ದರೆ ಅಲ್ಲಿಯೇ ತಿಳಿಯುತ್ತದೆ, ಕೆಳಗೆ ಮನೆಯಿದೆ. ಮಾರುವವರಿಗೂ ಒಂದು ಮಾತು: 'ಒಳಗೆ ಬೆಂಕಿ ಬೇಡ' ಎಂಬ ಎಚ್ಚರಿಕೆಯನ್ನು ಕನ್ನಡದಲ್ಲಿ ಅಚ್ಚು ಹಾಕಿದ ಡೇರೆಯನ್ನು ನಾನಿನ್ನೂ ಕಂಡಿಲ್ಲ.

ಡೇರೆ ಕೊಳ್ಳದವರು ಇದು ತಮಗಲ್ಲ ಎಂದು ಪುಟ ಮಗುಚಬಾರದು. ಬಾಣಂತಿಯ ಹೊರಸಿನ ಕೆಳಗೆ ಇದ್ದಿಲ ಕೆಂಡವಿಟ್ಟು, ಗಾಳಿ ಸೋಕಬಾರದೆಂದು ಕಿಟಕಿಯ ಸಂದಿಗೂ ಅರಿವೆ ತುರುಕುವ ಮನೆಗಳು ನಮ್ಮಲ್ಲಿ ಇವೆ. ಕಾಸಿಕೊಳ್ಳುವಷ್ಟು ಹೊತ್ತು ಕಿಟಕಿ ತೆರೆದಿರಲಿ, ತಾಯಿ-ಮಗು ಮಲಗುವ ಮೊದಲು ಕೆಂಡ ಅಂಗಳಕ್ಕೆ ಹೋಗಲಿ.