ಬೊಂಬೆಯ ಸಂಬಳ

ಅಂತರ್ಜಾಲದ ಐಸ್ ಹಾಕಿ ಆಟವೊಂದರಲ್ಲಿ ನಾನೀಗ ತಂಡದ ಮ್ಯಾನೇಜರು! ಕೋಲು ಹಿಡಿಯುವಂತಿಲ್ಲ, ಗೋಲ್‌ಕೀಪರನನ್ನೂ, ಸರದಿಯಂತೆ ಕಣಕ್ಕಿಳಿಯುವ ಐವರೈವರ ಗುಂಪುಗಳನ್ನೂ ನಿಶ್ಚಯಿಸಿ, 20 ನಿಮಿಷಗಳ ಮೂರು ಅವಧಿಗಳು ಮುಗಿಯುವತನಕ ಕೈಕಟ್ಟಿ ಕಾಯಬೇಕು. ಸಂಬಳಕ್ಕೂ ಮಿತಿಯುಂಟು—ಅಮೆರಿಕ, ಕೆನಡಗಳ ನ್ಯಾಷನಲ್ ಹಾಕಿ ಲೀಗ್ 2005ರಲ್ಲಿ ವಿಧಿಸಿದ ಕಟ್ಟಳೆಯಂತೆ.

ಮೊನ್ನೆ ನಮ್ಮ ಖರ್ಚು ಆ ಮಿತಿಯನ್ನು ಮೀರಿತು. ಗೋಲ್‌ಕೀಪರನಿಗೆ ವಯಸ್ಸು 36. ಸಂಬಳ ಹೆಚ್ಚು, ಚುರುಕು ಇಳಿಮುಖ. ಮಾರಿದರೆ ಇಬ್ಬರು ತರುಣರು ದೊರೆಯುತ್ತಾರೆ. ಅವನು ಬರಿಯ ಅಂಕಿಗಳ ಬೊಂಬೆ; ಆದರೂ ಬೆರಳು ಮುಂದಾಗಲೊಲ್ಲದು.

"ನಿಮ್ಮ ವಯಸ್ಸೇ ಅಲ್ಲವೆ ಅವನಿಗೂ?" ಎಂದು ನಕ್ಕಳು ನನ್ನಾಕೆ.

ಕೊನೆಗೆ ಮಾರಿಯೇಬಿಟ್ಟೆ. ಮುಂದಿನ ಪಂದ್ಯ ಗೆದ್ದೆವು; ನಿದ್ರೆ ಮಾತ್ರ ಬರಲಿಲ್ಲ. ನಮ್ಮ ಕಾಲೇಜಿನ ಆಡಳಿತ ಮಂಡಳಿಗೆ ಈ ಆಟದ ರುಚಿ ಹತ್ತದಿರಲೆಂದೇ, ವಾಚಕ ಮಹಾಶಯರೆ, ಅಂದಿನಿಂದ ನನ್ನ ಪ್ರಾರ್ಥನೆ.